ಸಿ ಕಳೆ, ಡಿ ಕೂಡು

ವರ್ಗ ಬದಲಿ ಪುಸ್ತಕದಲ್ಲಿ ಹೊಸ ಸಾಹೇಬರು ಬರೆದದ್ದು ಒಂದೇ ಸಾಲು: ರುಮಾಲು ೨೧೨ರಿಂದ ೨೬೦, ಕಡತ, ಎಲ್ಲ, ಸಿ ಕಳೆ, ಡಿ ಕೂಡು. ಕಾರಣ ಬರೆಯುವ ಅಂಕಣದಲ್ಲಿ ‘ಸ್ಥಳಾಭಾವ’ ಎಂದಿತ್ತು. ಕೆಳಗೆ ಸಹಿ. ಸಾಲಿಗಿಂತ ಸಹಿಯೇ ಉದ್ದವಾಗಿತ್ತು.

ಅವರು ದಫ್ತರಖಾನೆಯ, ಎಂದರೆ ಹಳೆಯ ಕಡತಗಳ ಕೋಣೆಯ, ಒಳಗೆ ಬಂದು, ನೋಡಿ, ಆಮೇಲೆ ಬರೆದರು ಎಂದು ಯಾರೂ ತಿಳಿಯಬಾರದು. ಬಾಗಿಲಲ್ಲಿ ನಿಂತರು. ಮೂಗಿಗೆ ಕರವಸ್ತ್ರ ಹಿಡಿದರು. “ಏನ್ರೀ ಇದು, ಗೋಡೌನಾ?” ಎಂದು ಹೆಡ್ ಕಾರಕೂನರನ್ನು ಕೇಳಿದರು. ಹೆಡ್ ಕಾರಕೂನರು ಆ ಗೋಡೌನಿನಲ್ಲಿ ತಮ್ಮ ಪಾತ್ರ ಏನೂ ಇಲ್ಲ ಎಂಬಂತೆ ನಕ್ಕರು. ಸಾಹೇಬರು ಮೈಸೂರು ಕಡೆಯಿಂದ ಬಂದವರು. ರಾಜ್ಯಗಳು ಬದಲಾಗಿ ಮೂರ್ನಾಲ್ಕು ವರ್ಷವಾಗಿದ್ದರೂ ಮುಂಬಯಿ ಸರಕಾರದ ಕಾಲದ ಕಾಗದವೆಂದರೆ ಅವರಿಗೆ ಬೇರೆಯವರ ಮನೆಯ ಎಂಜಲು ತಟ್ಟೆ.

ನಾನು ಆ ಕೋಣೆಗೆ ಬಂದು ಆಗ ಐದು ತಿಂಗಳು. ಅದಕ್ಕೆ ಮೊದಲು ಅದೇ ಸ್ಟೂಲಿನ ಮೇಲೆ ಒಂಬತ್ತು ವರ್ಷ ಕುಳಿತವರು ನನ್ನ ಯಜಮಾನರು. ಹನ್ನೊಂದು ದಿನ ಜ್ವರದಲ್ಲಿ ಮಲಗಿ ತೀರಿಕೊಂಡರು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆನೆಂದು ಸ್ಟೂಲನ್ನು ನನಗೆ ಕೊಟ್ಟರು. ಕೊಟ್ಟ ದಿನ ಹೆಡ್ ಕಾರಕೂನರ ಮುಖದಲ್ಲಿ ಎಂಥ ಔದಾರ್ಯವಿತ್ತೆಂದರೆ, ನನ್ನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದಂತೆ ಇದ್ದರು. ದಫ್ತರಖಾನೆಗೆ ನೀರಿನ ಗಡಿಗೆ ಬೇರೆ ಇತ್ತು. ಧೂಳಿನ ಕಾರಣ ಎಂದು ಹೇಳುತ್ತಿದ್ದರು. ಧೂಳು ಇಲ್ಲದ ಮಳೆಗಾಲದಲ್ಲಿಯೂ ಗಡಿಗೆ ಬೇರೆಯೇ ಇತ್ತು.

ಆ ಸಾಲಿನಲ್ಲಿ ಏನಿತ್ತೆಂದು ಹೇಳಬೇಕು. ನಮ್ಮಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ವರ್ಗ. ಎ ಎಂದರೆ ಸದಾಕಾಲ ಇಡುವುದು, ಬಿ ಮೂವತ್ತು ವರ್ಷ, ಸಿ ಹತ್ತು ವರ್ಷ, ಡಿ ಒಂದೇ ವರ್ಷ. ವರ್ಗದ ಜೊತೆಗೆ ಕೆಲವಕ್ಕೆ ಬೇರೆ ಗುರುತುಗಳೂ ಇದ್ದವು. ದುಂಡು ಮುದ್ರೆ ಬಿದ್ದದ್ದನ್ನು ಇಲ್ಲಿಯೇ ಕುಳಿತು ಓದಬೇಕು, ಒಂದು ಅಕ್ಷರ ತಿದ್ದುವಂತಿಲ್ಲ. ನೀಲಿ ಲಾಡಿ ಕಟ್ಟಿದ್ದು ಗೋಪ್ಯ. ಅಂಥದೊಂದು ಇದೆ ಎಂದೂ ಹೊರಗಿನವರಿಗೆ ಹೇಳುವಂತಿಲ್ಲ. ಇವುಗಳಲ್ಲಿ ಯಾವುದನ್ನು ಬದಲಿಸಲೂ ಪುಸ್ತಕದಲ್ಲಿ ಒಂದು ಸಾಲು ಬೇಕು. ಯಾವ ರುಮಾಲು, ಯಾವ ಕಡತ, ಏನು ಕಳೆಯಬೇಕು, ಏನು ಕೂಡಬೇಕು, ಯಾಕೆ. ಸಾಹೇಬರ ಸಹಿ ಬೀಳುವವರೆಗೆ ದಫ್ತರದವರು ಕಡತ ಮುಟ್ಟುವಂತಿಲ್ಲ. ಬಿದ್ದ ಮೇಲೆ ಮುಟ್ಟದೆ ಇರುವಂತಿಲ್ಲ.

ರುಮಾಲು ಎಂದರೆ ಇಪ್ಪತ್ತು ಮೂವತ್ತು ಕಡತಗಳನ್ನು ಒಟ್ಟಿಗೆ ಸುತ್ತಿ ಗಂಟು ಹಾಕಿದ ಕೆಂಪು ಬಟ್ಟೆಯ ಕಟ್ಟು. ಕಡತದ ಅಂಕಣ ಇದ್ದದ್ದು ಒಂದು ಕಡತದ ಸಂಖ್ಯೆ ಬರೆಯಲಿಕ್ಕೆ. ಅದರಲ್ಲಿ ‘ಎಲ್ಲ’ ಎಂದು ಬರೆಯಬಹುದು ಎಂಬುದು ಈ ಸಾಹೇಬರ ಶೋಧ. ನಲವತ್ತೊಂಬತ್ತು ರುಮಾಲು, ಸಾವಿರಕ್ಕೂ ಮೇಲೆ ಕಡತ, ಒಂದು ಸಾಲು. ಎಲ್ಲವೂ ಐದಾರು ವರ್ಷದ ಹಿಂದಿನವು. ಇಂದು ಡಿ ಎಂದು ಬರೆದರೆ ಅವುಗಳ ಒಂದು ವರ್ಷ ಎಂದೋ ಮುಗಿದುಹೋಗಿದೆ, ಇಂದೇ ರದ್ದಿ. ರದ್ದಿಯವನಿಗೆ ಶನಿವಾರ ಬಾ ಎಂದು ಹೇಳಿಯೂ ಆಗಿತ್ತು.

ಅಂದು ಸೋಮವಾರ. ಅದೇ ಬೆಳಿಗ್ಗೆ ಬೆಂಗೇರಿಯ ಆಚೆಯ ವಸ್ತಿಯಿಂದ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಬಂದಿದ್ದಳು. ಕೂದಲಿನಲ್ಲಿ ಹತ್ತಿಯ ಎಳೆ ಹಾಗೆಯೇ ಇತ್ತು. ಮುಂಬಯಿ ಸರಕಾರ ಇದ್ದಾಗ ಅಲ್ಲಿ ಹತ್ತೊಂಬತ್ತು ಕುಟುಂಬಗಳಿಗೆ ಮನೆ ಕಟ್ಟಲು ಜಾಗ ಮಂಜೂರಾಗಿತ್ತು. ಹಕ್ಕುಪತ್ರ ಕೈಗೆ ಬರುವ ಮೊದಲೇ ರಾಜ್ಯ ಬದಲಾಯಿತು. ಅವರ ಹತ್ತಿರ ಉಳಿದದ್ದು ಅರ್ಜಿ ಕೊಟ್ಟಾಗಿನ ಸಂಖ್ಯೆ ಬರೆದ ಚೀಟಿ ಮಾತ್ರ. ಈಗ ಪಕ್ಕದ ಹೊಲದ ಹತ್ತಿ ದಲ್ಲಾಳಿ ಆ ಜಾಗ ತನ್ನದೆಂದು ಕೋರ್ಟಿಗೆ ಹೋಗಿದ್ದ. ವಿಚಾರಣೆಗೆ ಮೂರು ವಾರವಿತ್ತು. ಮಂಜೂರಿ ಹುಕುಮಿನ ಸಹಿ ಮಾಡಿದ ನಕಲು ಇಲ್ಲದಿದ್ದರೆ ಹತ್ತೊಂಬತ್ತು ಮನೆ ಏಳಬೇಕು.

ಹೆಡ್ ಕಾರಕೂನರು ಎ ವರ್ಗದ ಕಬ್ಬಿಣದ ಕಪಾಟು ತೆರೆದರು. ಯಾದಿಯಲ್ಲಿ ಕಡತದ ಹೆಸರಿತ್ತು, ಕಪಾಟಿನಲ್ಲಿ ಕಡತ ಇರಲಿಲ್ಲ. ಅವಳ ಅರ್ಜಿಯ ಹಿಂದೆ ‘ಸಿಕ್ಕಿಲ್ಲ’ ಎಂದು ಬರೆದು, ಸಾಹೇಬರ ಸಹಿ ಮಾಡಿಸಿ ಕೊಟ್ಟರು. ಎಲ್ಲ ಕೂಡಿ ಒಂದು ಚಹಾ ಕುಡಿಯುವಷ್ಟು ಹೊತ್ತು. ಚಹಾ ಕುಡಿಯುತ್ತಲೇ ಮಾಡಿದರು.

ಅವಳು ನನ್ನ ಬಾಗಿಲಿಗೆ ಬಂದಳು. “ಅಕ್ಕಾರ, ಇದನ್ನ ಕೋರ್ಟಿನ್ಯಾಗ ತೋರಿಸಿದ್ರ ಆ ದಲ್ಲಾಳಿ ನಕ್ಕೋಂತ ಮನಿಗಿ ಹೋಕ್ಕಾನ. ಕಾಗದ ಎಲ್ಲಿ ಹೋಗಿರಬೇಕ್ರಿ?”

“ನನಗೂ ಗೊತ್ತಿಲ್ಲವ್ವ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

“ಮೊದಲಿನ ದಫ್ತರದಣ್ಣ ಇದ್ದಾಗ ಚೀಟಿ ತೋರಿಸಿದ್ರ ಗಳಿಗಿಯೊಳಗ ತಗದು ತೋರಸ್ತಿದ್ದ. ಅವನ ಕೈಯಾಗ ನಾ ನೋಡೇನ್ರಿ. ಅಂವ ಎಲ್ಲಿಗಿ ಬದಲಿ ಆಗ್ಯಾನ?”

ಅವನು ಎಲ್ಲಿಗೆ ಬದಲಿಯಾಗಿದ್ದಾನೆಂದು ನಾನು ಹೇಳಲಿಲ್ಲ.

ಮಧ್ಯಾಹ್ನ ಹೆಡ್ ಕಾರಕೂನರು ಪುಸ್ತಕ ತಂದು ನನ್ನ ಮುಂದೆ ಇಟ್ಟರು. “ನೋಡ್ರಿ ಬಾಯಾರ, ರುಮಾಲ ಬಿಚ್ಚೂ ಕೆಲಸ ಬ್ಯಾಡ. ಹೊರಗಿನ ಚೀಟಿ ಕಿತ್ತು ಡಿ ಚೀಟಿ ಹಚ್ಚಿಬಿಡ್ರಿ. ನಾಳಿ ಸಂಜೀ ಒಳಗ ಮುಗೀತದ.”

“ಒಳಗ ಒಂದೊಂದು ಕಡತದ ಮ್ಯಾಲೂ ಚೀಟಿ ಇರ್ತಾವಲ್ರಿ?”

“‘ಎಲ್ಲ’ ಅಂತ ಸಾಹೇಬ್ರು ಬರದಾರ. ಎಲ್ಲ ಅಂದಮ್ಯಾಲೆ ಒಂದೊಂದು ನೋಡೂದು ಅಂದ್ರ ಅವರ ಮ್ಯಾಲೆ ಸಂಶೇ ಪಟ್ಟಂಗ.”

ಇಪ್ಪತ್ತೆರಡು ವರ್ಷ ನೌಕರಿ ಮಾಡಿದ ಮನುಷ್ಯ. ಅಷ್ಟು ವರ್ಷದಲ್ಲಿ ಕಲಿತದ್ದು ಯಾವ ಗಂಟು ಬಿಚ್ಚಬಾರದು ಎಂಬುದನ್ನು.

ನಾನೇನು ಬೇರೆಯವಳಲ್ಲ. ಹೇಳಿದ ಹಾಗೆಯೇ ಶುರು ಮಾಡಿದೆ. ಒದ್ದೆ ಬಟ್ಟೆಯನ್ನು ಹಳೆಯ ಚೀಟಿಯ ಮೇಲೆ ಇಟ್ಟು ನೆನೆಸಬೇಕು. ಮೂಳೆಯ ಚೂರಿಯನ್ನು ಅಂಚಿನಿಂದ ಮೆಲ್ಲಗೆ ತೂರಿಸಿ ಎಬ್ಬಿಸಬೇಕು. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿ ಹೊಸ ಚೀಟಿ ಹಚ್ಚಬೇಕು, ಹಿತ್ತಾಳೆಯ ಪಟ್ಟಿಯಿಂದ ಒತ್ತಬೇಕು. ೨೧೨ರಿಂದ ೨೩೦ರವರೆಗೆ ಹತ್ತೊಂಬತ್ತು ರುಮಾಲುಗಳನ್ನು ಹೀಗೆ ಒಳಗೆ ಏನಿದೆಯೆಂದು ನೋಡದೆ ಕೊಂದೆ. ಸಂಜೆ ಬೈರಿದೇವರಕೊಪ್ಪದ ಬಸ್ಸಿನಲ್ಲಿ ಕುಳಿತಾಗ ಉಗುರುಗಳು ನೀಲಿಯಾಗಿದ್ದವು. ಮನೆಗೆ ಹೋಗಿ ಅನ್ನ ಮಾಡಿ ಉಂಡೆ. ಯಜಮಾನರು ಹೋದ ಮೇಲೆ ನನಗೆ ಬಂದಿದ್ದ ರೋಗ ಇದೇ. ಕೈ ಕೆಲಸ ಮಾಡುತ್ತಿತ್ತು, ಉಳಿದದ್ದು ಯಾವುದೂ ಮಾಡುತ್ತಿರಲಿಲ್ಲ.

ಮಂಗಳವಾರ ಮೊದಲು ಕೈಗೆ ಬಂದದ್ದು ೨೩೧. ಚೀಟಿ ಬಟ್ಟೆಗೆ ಕಚ್ಚಿಕೊಂಡಿತ್ತು. ಚೂರಿ ಒತ್ತಿದೆ, ಬಟ್ಟೆ ಗೇಣುದ್ದ ಹರಿಯಿತು. ಹರಿದ ರುಮಾಲನ್ನು ಹಾಗೆಯೇ ಬಿಡುವಂತಿಲ್ಲ, ರದ್ದಿಗೆ ಹೋಗುವುದಾದರೂ ಬಟ್ಟೆ ಎಣಿಸಿ ಜಮಾ ಮಾಡಬೇಕು. ಬಿಚ್ಚಿ ಬೇರೆ ಬಟ್ಟೆಯಲ್ಲಿ ಕಟ್ಟಲೇಬೇಕಾಯಿತು. ನಾನು ಬಿಚ್ಚಿದ್ದಕ್ಕೆ ಇಷ್ಟೇ ಕಾರಣ. ಇದನ್ನು ಕರ್ತವ್ಯನಿಷ್ಠೆ ಎಂದು ಆಮೇಲೆ ಒಬ್ಬಿಬ್ಬರು ಹೇಳಿದರು. ಹೇಳಲಿ.

ಮೇಲೆ ಇಪ್ಪತ್ತಮೂರು ಅರ್ಜಿ ಕಡತಗಳು, ಸರಿಯಾಗಿ ಸಿ. ತಳದಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಇಪ್ಪತ್ನಾಲ್ಕನೆಯದು. ಆ ಧೋತರದ ಅಂಚು ನನಗೆ ಗೊತ್ತಿತ್ತು, ಒಗೆದವಳು ನಾನೇ. ಒಳಗೆ ಕೆಂಪು ಎ ಚೀಟಿಯ ಕಡತ, ಹತ್ತೊಂಬತ್ತು ಹೆಸರುಗಳ ಮಂಜೂರಿ ಹುಕುಮು, ಅಳತೆ ಹಾಕಿದ ನಕಾಶೆ. ಹೊದಿಕೆಯ ಮೇಲೆ ಪೆನ್ಸಿಲಿನಲ್ಲಿ ನನ್ನ ಯಜಮಾನರ ಅಕ್ಷರ: “ಕೇಳಲು ಬರುವವರ ಹತ್ತಿರ ಅರ್ಜಿಯ ಸಂಖ್ಯೆ ಮಾತ್ರ ಇದೆ. ಈ ರುಮಾಲಿನಲ್ಲಿಯೇ ಇರಲಿ.”

ಓದಿದ ತಕ್ಷಣ ತಿಳಿಯಿತು. ಕಪಾಟಿನ ಬೀಗದ ಕೈ ಹೆಡ್ ಕಾರಕೂನರ ಕೋಟಿನ ಒಳಜೇಬಿನಲ್ಲಿ ಇರುತ್ತಿತ್ತು. ಅವರು ಬರುವುದು ಹನ್ನೊಂದೂವರೆಗೆ, ಕೋಟು ಕೆಲವು ದಿನ ಬರುತ್ತಲೇ ಇರಲಿಲ್ಲ. ಕೂಲಿ ಬಿಟ್ಟು ಬಂದವರು ಕಚೇರಿಯ ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೆ ಕೂರುತ್ತಿದ್ದರು. ಇವರಿಗೆ ಅದನ್ನು ನೋಡಲಾಗದೆ, ಬೀಗ ತೆರೆದಿದ್ದ ಯಾವುದೋ ದಿನ ಕಡತವನ್ನು ತಂದು, ಬಂದವರು ಕೇಳುವ ರುಮಾಲಿನಲ್ಲಿಯೇ ಇಟ್ಟಿದ್ದರು. ಎ ವರ್ಗದ್ದು ಸಿ ರುಮಾಲಿನಲ್ಲಿ ಇರಬಾರದು. ಜಾಗ ಬದಲಿಸಿದರೆ ಪುಸ್ತಕದಲ್ಲಿ ಸಾಲು ಬೇಕು. ಅವರು ಬರೆದಿರಲಿಲ್ಲ. ಬರೆದಿದ್ದರೆ ಸಹಿ ಸಿಗುತ್ತಿರಲಿಲ್ಲ. ನಿಯಮ ನೋಡಿದರೆ ಅಪರಾಧ ಅವರದೇ.

ಅದನ್ನು ಬೇರೆ ಎತ್ತಿಟ್ಟು ಹೆಡ್ ಕಾರಕೂನರ ಹತ್ತಿರ ಹೋದೆ. ಅವರು ಬಾಗಿಲು ಹಾಕಿಕೊಂಡರು. ಅಷ್ಟು ವರ್ಷದಲ್ಲಿ ಅವರು ಅಷ್ಟು ಬೇಗ ಎದ್ದದ್ದನ್ನು ನೋಡಿದವರು ಕಡಿಮೆ.

“ಯಾರಿಗೆರೆ ಹೇಳೀರೇನು?”

“ಇಲ್ರಿ.”

“ಹೇಳಬ್ಯಾಡ್ರಿ. ಇದ್ದಲ್ಲೇ ಇಟ್ಟು ಗಂಟ ಕಟ್ಟಿಬಿಡ್ರಿ. ಶನಿವಾರ ಹೋಗ್ತದ, ಮುಗೀತು.”

“ಹತ್ತೊಂಬತ್ತು ಮನಿಯವರು ಏಳಬೇಕಾಗ್ತೈತ್ರಿ.”

“ಬಾಯಾರ, ನಾ ನಿಮ್ಮ ಸಲುವಾಗಿ ಹೇಳಾಕತ್ತೇನಿ. ಕಡತ ಹೊರಗ ಬಂತಂದ್ರ ಎಲ್ಲಿತ್ತು ಅಂತ ಕೇಳ್ತಾರ. ಯಾರು ಇಟ್ರು ಅಂತ ಕೇಳ್ತಾರ. ಹೋದ ಮನಷಾನ ಹೆಸರಿಗೆ ಮಸಿ. ನಿಮ್ಮ ಕೈಲೇ ಹಚ್ಚತೀರೇನು?” “ಛಲೋ ಮನಷಾ ಇದ್ದ,” ಎಂದು ಸೇರಿಸಿದರು. ನನ್ನ ಯಜಮಾನರು ಸತ್ತಾಗ ಇದೇ ಮನುಷ್ಯ ನಮ್ಮ ಓಣಿಯ ತುದಿಯವರೆಗೆ ಬಂದು, ಕೆಸರಿದೆ ಎಂದು ಹೊರಳಿ ಹೋಗಿದ್ದರು.

ಅವರಿಗೆ ತಮ್ಮ ‘ಸಿಕ್ಕಿಲ್ಲ’ ಉಳಿಯಬೇಕಿತ್ತು. ಅದಕ್ಕೆ ನನ್ನ ಗಂಡನ ಮಾನದ ಹೊದಿಕೆ ಹೊದಿಸಿದ್ದರು. ಅದು ಕಣ್ಣಿಗೆ ಕಾಣುತ್ತಿತ್ತು. ಆದರೂ ಮಾತು ನಾಟಿತು. ಎರಡು ದಿನ ನಾನು ಏನೂ ಮಾಡಲಿಲ್ಲ. ಕಡತವನ್ನು ಸೆರಗಿನಲ್ಲಿ ಮುಚ್ಚಿ ಒಯ್ದು ಆ ಹೆಂಗಸಿನ ಕೈಗೆ ಕೊಡಲೇ ಎಂದು ಯೋಚಿಸಿದೆ. ಪ್ರಯೋಜನವಿಲ್ಲ. ಕಚೇರಿಯ ಹೊಸ್ತಿಲು ದಾಟಿದ ಕಡತ ಬರಿಯ ಕಾಗದ. ಯಾರು ಬೇಕಾದರೂ ಬರೆದದ್ದೆಂದು ದಲ್ಲಾಳಿಯ ವಕೀಲ ಹೇಳುತ್ತಾನೆ. ಸುಮ್ಮನೆ ಕಪಾಟಿಗೆ ಸೇರಿಸಿಬಿಡಲೇ? ಬೀಗದ ಕೈ ಇದ್ದ ಕೋಟು ಹೆಡ್ ಕಾರಕೂನರ ಮೈಮೇಲೆ. ಆ ವಾರ ಅವರು ಸೆಖೆಯಲ್ಲಿಯೂ ಕೋಟು ತೆಗೆಯಲಿಲ್ಲ. ಕಡತ ಉಳಿಯಬೇಕಾದರೆ ಪುಸ್ತಕದಲ್ಲಿ ಸಾಲು ಬೇಕು. ಸಾಲಿನಲ್ಲಿ ಕಾರಣ ಬರೆಯಬೇಕು. ಕಾರಣದಲ್ಲಿ ನನ್ನ ಯಜಮಾನರು ಬರುತ್ತಾರೆ. ಬೇರೆ ದಾರಿ ಹುಡುಕಿ ಹುಡುಕಿ ಸಾಕಾಯಿತು.

ಗುರುವಾರ ಕಚೇರಿಯ ಜವಾನ, ಪಟ್ಟೇವಾಲಾ, ನನ್ನ ಬಾಗಿಲಲ್ಲಿ ಬೀಡಿ ಆರಿಸುತ್ತ ನಿಂತ. ನನ್ನ ಯಜಮಾನರ ಜೊತೆ ಒಂಬತ್ತು ವರ್ಷ ರುಮಾಲು ಹೊತ್ತವನು, ವಯಸ್ಸಾದವನು. ಮೇಜಿನ ಮೇಲೆ ಧೋತರದ ತುಂಡು ನೋಡಿದ.

“ಸಿಕ್ತೇನ್ರಿ ಬಾಯಿ?”

“ನಿನಗ ಗೊತ್ತಿತ್ತೇನು?”

“ನಾನ ಎತ್ತಿ ಕೊಟ್ಟೇನಲ್ರಿ. ಇಲ್ಲಿಟ್ರ ಬೈತಾರ ಅಂದೆ. ‘ಬೈದ್ರ ಬೈಲಿ, ಹುಡುಕಾಕ ಬಂದವರಿಗೆ ಸಿಕ್ಕರ ಸಾಕು’ ಅಂದ್ರು.” ಆಮೇಲೆ, “ಈಗ ಬೈಯಾಕೂ ಅವರು ಸಿಗಂಗಿಲ್ಲ. ಬೈಯೂದಿದ್ರ ಬೈಕೊಳ್ಳಿ ಬಿಡ್ರಿ,” ಎಂದ.

ಅವನು ಅದನ್ನು ತಮಾಷೆಯಾಗಿ ಹೇಳಿದ್ದ. ಐದು ತಿಂಗಳಲ್ಲಿ ಅವರ ವಿಷಯದಲ್ಲಿ ನನ್ನ ಜೊತೆ ತಮಾಷೆ ಮಾಡಿದವನು ಅವನೊಬ್ಬನೇ. ನಾನು ಪುಸ್ತಕ ತೆರೆದು, ಸಾಹೇಬರ ಸಾಲಿನ ಕೆಳಗೆ ಬರೆದೆ.

ರುಮಾಲು ೨೩೧, ಕಡತ ೨೪, ವರ್ಗ ಎ ಇದ್ದಂತೆ, ಜಾಗ, ರುಮಾಲು ಕಳೆ, ಕಪಾಟು ಕೂಡು, ದುಂಡು ಮುದ್ರೆ ಕೂಡು. ಕಾರಣ: ಹಿಂದಿನ ದಫ್ತರದವರು, ನನ್ನ ಯಜಮಾನರು, ಜನರಿಗೆ ಬೇಗ ಸಿಗಲೆಂದು ಅಪ್ಪಣೆ ಇಲ್ಲದೆ ಇಲ್ಲಿ ಇಟ್ಟಿದ್ದರು. ಅದರ ಕೆಳಗೆ ಇನ್ನೊಂದು: ರುಮಾಲು ೨೧೨ರಿಂದ ೨೬೦, ಮೇಲಿನ ಆಜ್ಞೆ ತಡೆ, ಒಂದೊಂದು ಕಡತ ನೋಡಿ ಒಂದೊಂದು ಸಾಲು.

ಹೆಡ್ ಕಾರಕೂನರ ಮೇಜು ದಾಟಿ ನೇರವಾಗಿ ಸಾಹೇಬರ ಕೋಣೆಗೆ ಹೋದೆ. ಸಾಹೇಬರು ದೇಶಪಾಂಡೆ ನಗರದ ತಮ್ಮ ಬಾಡಿಗೆ ಮನೆಗೆ ನಲ್ಲಿ ನೀರು ಬಾರದ ಬಗ್ಗೆ ಯಾರಿಗೋ ಕಾಗದ ಬರೆಯುತ್ತಿದ್ದರು. ಎರಡು ಪುಟ ತುಂಬಿತ್ತು. ನೀರಿನ ವಿಷಯದಲ್ಲಿ ಅವರಿಗೆ ಒಂದು ಸಾಲು ಸಾಕಾಗಿರಲಿಲ್ಲ.

“ಏನಮ್ಮ ಇದು? ನಲವತ್ತೊಂಬತ್ತೂ ವಿಲೇವಾರಿ ಆಯ್ತು ಅಂತ ನಾನು ಮೊನ್ನೆನೇ ವರದಿ ಕಳಿಸಿಬಿಟ್ಟಿದ್ದೀನಿ.”

“ಆಗಿಲ್ರಿ. ಹತ್ತೊಂಬತ್ತಕ್ಕ ಹೊರಗಿನ ಚೀಟಿ ಹಚ್ಚೇನಿ. ಅವನ್ನೂ ಕೀಳಬೇಕಾಗ್ತೈತಿ.”

“ಒಂದು ಕಡತಕ್ಕೋಸ್ಕರ ಎಲ್ಲಾ ಬಿಚ್ಚಬೇಕಾ?”

“ಸಿಕ್ಕದ್ದು ಒಂದು. ಬಿಚ್ಚದ ಇನ್ನ ಎಷ್ಟು ಅದಾವ ಅಂತ ಹೆಂಗ ಹೇಳಲಿ?”

ಅವರು ಕಾರಣ ಓದಿದರು. “ನಿಮ್ಮ ಯಜಮಾನರೇನಾ? ಅಲ್ಲಮ್ಮ, ಇದು ಗಂಭೀರವಾದ ತಪ್ಪು. ಬರವಣಿಗೆಯಲ್ಲಿ ಬಂದ ಮೇಲೆ ನಾನು ಸುಮ್ಮನೆ ಇರೋಕಾಗಲ್ಲ.”

“ಇರಬ್ಯಾಡ್ರಿ.”

“ಮತ್ತೆ ಯಾಕೆ ಬರೆದ್ರಿ?”

ನಕಾಶೆ ಅವರ ಮುಂದೆಯೇ ಬಿಚ್ಚಿಟ್ಟಿದ್ದೆ. ಹತ್ತೊಂಬತ್ತು ಚೌಕ, ಹತ್ತೊಂಬತ್ತು ಹೆಸರು. ಅವರು ಅದರ ಮೇಲೆ ಕೈಯೂರಿದ್ದರು, ಕಣ್ಣು ಹಾಕಿರಲಿಲ್ಲ. ಈ ಮನುಷ್ಯನಿಗೆ ಮನೆಗಳ ಮಾತು ಹೇಳಿ ಉಪಯೋಗವಿಲ್ಲ ಎಂದು ತಿಳಿಯಿತು. ಅವರಿಗೆ ತಿಳಿಯುವ ಮಾತು ಹೇಳಿದೆ.

“ವಿಚಾರಣೆ ಹತ್ರ ಬಂದೈತ್ರಿ. ಕೋರ್ಟು ಕಡತ ಕೇಳ್ತೈತಿ. ಕಪಾಟಿನ ಯಾದಿಯೊಳಗ ಹೆಸರು ಐತಿ. ‘ಸಿಕ್ಕಿಲ್ಲ’ ಅಂತ ಬರದು ಕೊಟ್ಟದ್ದರ ಮ್ಯಾಲೆ ನಿಮ್ಮ ಸಹಿ ಐತಿ. ರದ್ದಿಗೆ ಹಾಕ್ರಿ ಅಂದ ಸಾಲಿನ ಮ್ಯಾಲೂ ನಿಮ್ಮ ಸಹಿ ಐತಿ. ಎರಡೂ ಒಂದೇ ದಿನದ್ದು.”

ಅವರು ಪುಸ್ತಕ ತಮ್ಮ ಕಡೆ ಎಳೆದುಕೊಂಡು ಎರಡು ಕಡೆ ಸಹಿ ಹಾಕಿದರು. ಈ ಸಲದ ಸಹಿ ಚಿಕ್ಕದಾಗಿತ್ತು.

ಶನಿವಾರ ಬಂದ ರದ್ದಿಯವನನ್ನು ಪಟ್ಟೇವಾಲಾ ಮರಳಿ ಕಳಿಸಿದ. ನಾನು ಮೊದಲು ಹತ್ತೊಂಬತ್ತು ಡಿ ಚೀಟಿಗಳನ್ನು ಕಿತ್ತೆ. ನನ್ನದೇ ಅಂಟು ಇನ್ನೂ ಬಟ್ಟೆಗೆ ಕಚ್ಚಿರಲಿಲ್ಲ, ಸಲೀಸಾಗಿ ಬಂದವು. ಆಮೇಲೆ ಒಂದೊಂದೇ ರುಮಾಲು ಬಿಚ್ಚಿ, ಒಂದೊಂದು ಕಡತದ ಚೀಟಿ ಓದಿ, ಸಾಲು ಬರೆದು, ಸಂಜೆ ಸಹಿಗೆ ಕಳಿಸುವುದು. ದಿನಕ್ಕೆ ಎರಡು ರುಮಾಲು ಆಗುತ್ತಿತ್ತು, ಕೆಲವು ದಿನ ಮೂರು. ಎಂಟುನೂರಕ್ಕೂ ಹೆಚ್ಚು ಕಡತಗಳು ನಿಜವಾಗಿಯೂ ಡಿ ಆಗಲು ಯೋಗ್ಯವಾಗಿದ್ದವು. ಸಾಹೇಬರು ಪೂರಾ ತಪ್ಪಾಗಿರಲಿಲ್ಲ, ನೋಡದೆ ಸರಿಯಾಗಿದ್ದರು ಅಷ್ಟೆ. ಧೋತರದಲ್ಲಿ ಸುತ್ತಿದವು ಇನ್ನೂ ಮೂರು ಸಿಕ್ಕವು. ಒಂದು ಕೆರೆಯ ನೀರಿನ ಪಾಳಿಯದು, ಒಂದು ಸ್ಮಶಾನದ ಜಾಗದ್ದು. ಮೂರನೆಯದು ಎಂದೋ ಮುಚ್ಚಿಹೋದ ಒಂದು ಬಾವಿಯ ತಕರಾರು. ಅದನ್ನು ಕೇಳಲು ಯಾರೂ ಬರುವುದು ಸಾಧ್ಯವಿರಲಿಲ್ಲ. ಇವರು ಸುಮ್ಮನೆ ಧೋತರ ಹಾಳು ಮಾಡಿದ್ದರು. ಅದನ್ನು ಮನೆಯಲ್ಲಿ ಹೇಳಿ ಜಗಳವಾಡಲು ಅವರು ಇರಲಿಲ್ಲ. ಆ ದಿನ ಮಾತ್ರ ನನಗೆ ಮಧ್ಯಾಹ್ನದ ರೊಟ್ಟಿ ಬಿಚ್ಚಲು ಆಗಲಿಲ್ಲ.

ಜಿನ್ನಿನ ಹೆಂಗಸು ಸಹಿ ಮಾಡಿದ ನಕಲು ತೆಗೆದುಕೊಳ್ಳಲು ಬಂದಳು. ನಕಲಿನಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳು ಇಟ್ಟುಕೊಂಡಳು.

“ಎಲ್ಲಿ ಸಿಕ್ತರಿ?”

“ನಿಮ್ಮ ಅರ್ಜಿ ರುಮಾಲಿನ್ಯಾಗ.”

“ಮತ್ತ ಹೆಡ್ ಸಾಹೇಬ್ರು ಇಲ್ಲಂದ್ರು?”

“ಅವರು ಧೂಳಿಗೆ ಕೈ ಹಾಕಂಗಿಲ್ಲವ್ವ.”

“ಅಲ್ಲೇ ಅಂಥಾ ಗಡಿಗಿ ಇಟ್ಟಾರಲ್ಲ, ತೊಳಕೊಳ್ಳಾಕ ಬರತಿತ್ತು,” ಎಂದಳು. ಹೊರಡುವಾಗ ಮತ್ತೆ ಕೇಳಿದಳು, ಆ ದಫ್ತರದಣ್ಣ ಎಲ್ಲಿಗೆ ಬದಲಿಯಾಗಿದ್ದಾನೆಂದು. ಈ ಸಲ ಹೇಳಿದೆ. ಅವಳು ನಕಲನ್ನು ಕುಪ್ಪಸದಲ್ಲಿ ಸೇರಿಸಿಕೊಂಡು ಹೋದಳು. ಮನೆಗಳು ಉಳಿದವು.

ಒಂದು ತಿಂಗಳ ಮೇಲೆ ಹೆಡ್ ಕಾರಕೂನರು ಒಂದು ಟೈಪು ಮಾಡಿದ ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟರು. ಸತ್ತ ನೌಕರನ ಬಗ್ಗೆ ಕಚೇರಿಯ ಅಸಮಾಧಾನ. ಎ ವರ್ಗದ ನಾಲ್ಕು ಕಡತಗಳನ್ನು, ಯಾವ ಯಾವ ರುಮಾಲಿನಲ್ಲಿ ಎಂದು ಸಂಖ್ಯೆ ಸಮೇತ, ಅಪ್ಪಣೆ ಇಲ್ಲದೆ, ಸಾರ್ವಜನಿಕರಿಗೆ ಬೇಗ ಸಿಗಲೆಂಬ ನೆಪದಲ್ಲಿ ಇಟ್ಟಿದ್ದು ಘೋರ ನಿರ್ಲಕ್ಷ್ಯ ಎಂದು ಅದರಲ್ಲಿತ್ತು. ಬದುಕಿದ್ದರೆ ಶಿಕ್ಷೆಗೆ ಗುರಿಯಾಗುತ್ತಿದ್ದರು ಎಂದೂ ಇತ್ತು. ಒಬ್ಬ ಸಾಹೇಬ, ಒಬ್ಬ ಹೆಡ್ ಕಾರಕೂನ, ಒಬ್ಬ ಟೈಪಿಸ್ಟ್ ಕೂಡಿ ಆ ವಾಕ್ಯವನ್ನು ಬರೆದಿದ್ದರು, ಒಬ್ಬರಿಗೂ ನಗು ಬಂದಿರಲಿಲ್ಲ.

“ಅವರ ನೌಕರಿ ಕಡತಕ್ಕ ಸೇರಸ್ರಿ. ವರ್ಗ ನೀವ ಸೂಚಿಸಬೇಕಾಗ್ತದ,” ಎಂದರು. ಆಮೇಲೆ ದನಿ ತಗ್ಗಿಸಿ, “ಡಿ ಅಂತ ಬರದುಬಿಡ್ರಿ ಬಾಯಾರ. ಒಂದು ವರ್ಷದಾಗ ಹೋಗ್ತದ. ನಾ ಏನೂ ಅನ್ನೂದಿಲ್ಲ.” ಉಪಕಾರ ಮಾಡುವ ಮುಖ ಮತ್ತೆ ಬಂದಿತ್ತು.

ಹಾಳೆಯನ್ನು ಇನ್ನೊಮ್ಮೆ ಓದಿದೆ. ನನ್ನ ಯಜಮಾನರು ಆ ಕಚೇರಿಯಲ್ಲಿ ಒಂಬತ್ತು ವರ್ಷ ಇದ್ದದ್ದಕ್ಕೆ ಹಾಜರಿ ಪುಸ್ತಕದ ಟಿಕ್ಕುಗಳು ಇದ್ದವು. ಅವರು ಮಾಡಿದ್ದು ಏನು, ಯಾಕೆ ಎಂದು ಬರೆದ ಕಾಗದ ಇದೊಂದೇ. ಶತ್ರುಗಳು ಬರೆದದ್ದಾದರೂ ಒಂದು ಸಂಖ್ಯೆಯೂ ತಪ್ಪಿರಲಿಲ್ಲ.

ಪುಸ್ತಕದಲ್ಲಿ ಸಾಲು ಬರೆದೆ. ಕೂಡು: ಎ. ಕೂಡು: ದುಂಡು ಮುದ್ರೆ, ಒಂದಕ್ಷರ ತಿದ್ದಬಾರದು. ಸಂಜೆ ಬೇರೆ ನಲವತ್ತು ಸಾಲುಗಳ ಜೊತೆ ಅದೂ ಸಹಿಗೆ ಹೋಯಿತು. ಸಾಹೇಬರು ಎಂದಿನಂತೆ ಓದದೆ ಸಹಿ ಮಾಡಿದ್ದರು. ಮರುದಿನ ಹೆಡ್ ಕಾರಕೂನರಿಂದ ಬೀಗದ ಕೈ ಕೇಳಿ ಪಡೆದು, ಹಾಳೆಯನ್ನು ಕಬ್ಬಿಣದ ಕಪಾಟಿನಲ್ಲಿ ಇಟ್ಟೆ. ಕಾರಣದ ಅಂಕಣದಲ್ಲಿ ನಾನು ಬರೆದಿದ್ದು ಇಷ್ಟು: ಈ ಕಡತಗಳು ಎಲ್ಲಿದ್ದವು, ಯಾರು ಉಳಿಸಿದರು ಎಂದು ಮುಂದೆ ಕೇಳುವವರಿಗೆ.